ಹೊಗೆಯಿಲ್ಲದ ಭಟ್ಟಿ

ಕೊರೊನಾ ಮುಗಿದ ಮರುವರ್ಷ ನಾನು ದಾವಣಗೆರೆಯಲ್ಲಿ ಎನರ್ಜಿ ಆಡಿಟರ್ ಆಗಿದ್ದೆ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಒಂದು ಗಿರಣಿಗೋ ಹೋಟೆಲಿಗೋ ಕಾರ್ಖಾನೆಗೋ ದಿನಕ್ಕೆ ಎಷ್ಟು ವಿದ್ಯುತ್, ಎಷ್ಟು ಸೌದೆ, ಎಷ್ಟು ಡೀಸೆಲ್ ಹೋಗುತ್ತದೆ, ಅದರಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ, ಎಷ್ಟು ಚಿಮಣಿಯಲ್ಲಿ ಹಾರಿಹೋಗುತ್ತದೆ ಎಂದು ಅಳೆದು ವರದಿ ಕೊಡುವುದು ನಮ್ಮ ಕೆಲಸ. ಉಳಿತಾಯದ ದಾರಿ ತೋರಿಸುವುದೂ, ಬೇರೆ ಇಂಧನ ಹುಡುಕಿಕೊಡುವುದೂ ಅದರಲ್ಲೇ ಬರುತ್ತದೆ. ಹನ್ನೊಂದು ವರ್ಷ ಈ ಕೆಲಸ ಮಾಡಿದ್ದೆ. ಅಳತೆಯಲ್ಲಿ ತಪ್ಪು ಮಾಡಿದವಳಲ್ಲ ಎಂಬ ಸಣ್ಣ ಹೆಮ್ಮೆಯೂ ಇತ್ತು.

ಆ ವರ್ಷ ನಮ್ಮ ಸಂಸ್ಥೆಗೆ ಬಂದ ಕೆಲಸ ಮಂಡಕ್ಕಿ ಭಟ್ಟಿಗಳದ್ದು. ದಾವಣಗೆರೆಯವರಿಗೆ ಮಂಡಕ್ಕಿಯ ಬಗ್ಗೆ ಹೇಳಬೇಕಾಗಿಲ್ಲ. ಆದರೆ ಅದನ್ನು ತಿನ್ನುವವರಲ್ಲಿ ಭಟ್ಟಿಯ ಒಳಗೆ ಕಾಲಿಟ್ಟವರು ಕಡಿಮೆ. ಭಟ್ಟಿ ಎಂದರೆ ತಗಡಿನ ಚಾವಣಿಯ ಒಂದು ಶೆಡ್ಡು. ಮಧ್ಯದಲ್ಲಿ ಮಣ್ಣಿನ ದೊಡ್ಡ ಒಲೆ, ಅದರ ಮೇಲೆ ಕಬ್ಬಿಣದ ಬಾಣಲೆ, ಬಾಣಲೆಯಲ್ಲಿ ಕಾದ ಮರಳು. ಉಪ್ಪುನೀರು ಹಾಕಿ ಹದ ಮಾಡಿದ ಅಕ್ಕಿಯನ್ನು ಆ ಮರಳಿಗೆ ಸುರಿದು ಕಡ್ಡಿಯ ಪೊರಕೆಯಿಂದ ತಿರುವಿದರೆ ಕೆಲವೇ ಕ್ಷಣದಲ್ಲಿ ಅರಳುತ್ತದೆ. ಜರಡಿಗೆ ಹಾಕಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಒಲೆಗೆ ಹಾಕುವುದು ಭತ್ತದ ಹೊಟ್ಟು, ಮರದ ಪುಡಿ. ಅವು ಸಾಲದಿದ್ದರೆ ಹಳೆಯ ಟೈರಿನ ಚೂರು. ಟೈರಿನ ಕಪ್ಪು ಹೊಗೆಯ ಮೇಲೆ ಸುತ್ತಲಿನ ಮನೆಗಳವರ ದೂರು ಹಳೆಯದು. ಒಂದು ಭಟ್ಟಿಯನ್ನು ಪ್ರಯೋಗಕ್ಕೆ ಆರಿಸಿಕೊಂಡು, ಹೊಟ್ಟನ್ನು ನೇರವಾಗಿ ಸುಡುವ ಬದಲು ಅದರಿಂದ ಗ್ಯಾಸ್ ತೆಗೆದು ಉರಿಸುವ ಯಂತ್ರ ಕೂಡಿಸಿ ನೋಡಬೇಕಿತ್ತು.

ಒಪ್ಪಿಕೊಂಡವರು ದಾದಾಪೀರ್ ಮತ್ತು ಅವರ ಹೆಂಡತಿ ರಮೀಜಾ. ಗಂಡ ಒಲೆ ನೋಡಿಕೊಂಡರೆ ಹೆಂಡತಿ ಬಾಣಲೆ ತಿರುವುತ್ತಿದ್ದರು. ದಾದಾಪೀರರ ತಾಯಿ ಹುಸೇನ್‌ಬಿ ಹೊರಗಿನ ಕಟ್ಟೆಯ ಮೇಲೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಮೊದಲ ದಿನ ನಾನು ಫೈಲು ಹಿಡಿದು ಹೋದಾಗ ದಾದಾಪೀರ್ ಒಂದು ಗೋಣಿಚೀಲ ಎಳೆದು ಮೂಲೆಯಲ್ಲಿದ್ದ ರಾಶಿಯ ಮೇಲೆ ಹಾಕಿದರು.

"ಟೈರು ನಾವು ಮುಟ್ಟೋದೇ ಇಲ್ರಿ ಮೇಡಂ. ಬರೀ ಹೊಟ್ಟು."

ರಮೀಜಾ ಬಾಣಲೆಯಿಂದ ಕಣ್ಣೆತ್ತದೆ ಹೇಳಿದರು: "ಗೋಣಿ ಸರಿ ಮುಚ್ಚು, ಟೈರಿಗೆ ಚಳಿ ಆಗ್ತೈತೆ."

ನಾನು ನಕ್ಕೆ. ಪೊಲ್ಯೂಷನ್ ಇಲಾಖೆಯವಳಲ್ಲ ಎಂದು ತಿಳಿಸಿದ ಮೇಲೆ ಅವರೂ ನಕ್ಕರು. ಕೆಲಸ ಅಲ್ಲಿಂದ ಸುಲಭವಾಯಿತು.

ಮೂರು ದಿನ ಕೂತು ಅಳೆದೆ. ನಸುಕಿಗೆ ಒಲೆ ಹೊತ್ತಿಸಿ ಹನ್ನೊಂದರ ಹೊತ್ತಿಗೆ ಕೆಲಸ ಮುಗಿಸುತ್ತಿದ್ದರು. ಅಷ್ಟರಲ್ಲಿ ಹತ್ತು ಚೀಲ ಹೊಟ್ಟು ಮುಗಿಯುತ್ತಿತ್ತು. ಒಲೆಯ ಬಾಯಿಯಲ್ಲಿ, ಗೋಡೆಯ ಬಿರುಕಿನಲ್ಲಿ ಶಾಖ ಸೋರಿಹೋಗುತ್ತಿತ್ತು. ಮೆಚ್ಚುವಂಥದ್ದು ಒಂದೇ ಕಂಡಿತು. ಕೆಲಸ ಮುಗಿದ ಮೇಲೆ ಅವರು ಬೆಂಕಿ ಆರಿಸುತ್ತಿರಲಿಲ್ಲ. ಕೆಂಡವನ್ನು ಒಂದು ಕಡೆ ಎಳೆದು, ಬೂದಿ ಮುಚ್ಚಿ, ಒಲೆಯ ಬಾಯಿಗೆ ಒದ್ದೆ ಗೋಣಿಚೀಲ ತುರುಕುತ್ತಿದ್ದರು. ಆ ಮನೆಯಲ್ಲಿ ಇದಕ್ಕೆ ಬೆಂಕಿ ಮಲಗಿಸುವುದು ಎನ್ನುತ್ತಾರೆ. ಮರುದಿನ ಬೂದಿ ಕೆದಕಿದರೆ ಕೆಂಡ ಜೀವಂತ. ಮಣ್ಣಿನ ಒಲೆ ತಣ್ಣಗಾಗಿರುವುದಿಲ್ಲ, ಸುಮಾರು ಒಂದು ಚೀಲ ಹೊಟ್ಟು ಉಳಿಯುತ್ತದೆ. ಒಲೆಗೆ ನೀರು ಹಾಕುವುದಂತೂ ಅವರಿಗೆ ಆಗದ ಮಾತು. ಮಣ್ಣು ಸೀಳುತ್ತದೆ ಎಂಬುದು ಒಂದು ಕಾರಣ. ಅನ್ನ ಕೊಡುವ ಬೆಂಕಿಗೆ ನೀರು ಹಾಕಬಾರದು ಎಂಬುದು ಇನ್ನೊಂದು.

ನಾನು ಫಾರಂನಲ್ಲಿ "ಉತ್ತಮ ಅಭ್ಯಾಸ" ಎಂದು ಬರೆದೆ. ಬಾಯಿಬಿಟ್ಟೂ ಹೇಳಿದೆ. "ಇದು ಬಹಳ ಒಳ್ಳೆಯ ಪದ್ಧತಿ. ಯಾವ ಕಾರಣಕ್ಕೂ ಬಿಡಬೇಡಿ" ಎಂದೆ. ರಮೀಜಾ ಅತ್ತೆಯ ಕಡೆ ತಿರುಗಿ, "ನೋಡ್ರಿ ಅಮ್ಮಿ, ಎಂಜಿನಿಯರ್ ಮೇಡಂ ಶಹಬ್ಬಾಸ್ ಕೊಟ್ರು" ಅಂದರು. ಮುದುಕಿ ಸೊಸೆಗೆ ಅದನ್ನು ಕಲಿಸಿದ್ದೇ ತಾನು ಎಂದು ನನಗೆ ಎರಡು ಸಲ ಹೇಳಿದರು.

ಯಂತ್ರ ಮಾಡಿದ್ದು ಹರಿಹರದ ಪಕ್ಕದ ಗುತ್ತೂರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಮಾಡಿದವನು ನಿಂಗರಾಜ, ಐಟಿಐ ಓದಿದ ಫಿಟ್ಟರ್. ಅದರ ಹೆಸರು ಗ್ಯಾಸಿಫೈಯರ್. ನೋಡಲು ಆಳೆತ್ತರದ ಉಕ್ಕಿನ ಡ್ರಮ್ಮು, ಶೆಡ್ಡಿನ ಒಳಗೇ ಕೂಡಿಸಿದೆವು. ಅದರಲ್ಲಿ ಹೊಟ್ಟು ತುಂಬಿ, ಬ್ಲೋವರ್‌ನಿಂದ ಅರೆಹೊಟ್ಟೆಯಷ್ಟೇ ಗಾಳಿ ಕೊಟ್ಟರೆ ಹೊಟ್ಟು ಉರಿಯುವುದಿಲ್ಲ, ಒಳಗೊಳಗೇ ಬೇಯುತ್ತದೆ. ಆಗ ಹುಟ್ಟುವ ಗ್ಯಾಸನ್ನು ಪೈಪಿನಲ್ಲಿ ಬಾಣಲೆಯ ಕೆಳಗಿನ ಬರ್ನರಿಗೆ ತಂದು ಹೊತ್ತಿಸುತ್ತೇವೆ. ಆ ಗ್ಯಾಸಿನಲ್ಲಿ ಉರಿಯುವ ಮುಖ್ಯ ಅಂಶ ಕಾರ್ಬನ್ ಮಾನಾಕ್ಸೈಡ್. ಉರಿದರೆ ಶಾಖ. ಉರಿಯದೆ ಕೋಣೆ ತುಂಬಿದರೆ, ಉಸಿರಾಡಿದವರ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದೇ ಹಿಡಿದುಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ.

ಬ್ಲೋವರ್ ನಿಲ್ಲಿಸಿದ ಮೇಲೂ ಡ್ರಮ್ಮಿನೊಳಗಿನ ಕೆಂಡ ಗಂಟೆಗಟ್ಟಲೆ ಗ್ಯಾಸ್ ಬಿಡುತ್ತಲೇ ಇರುತ್ತದೆ. ಅದಕ್ಕಾಗಿ ಡ್ರಮ್ಮಿನಿಂದ ಒಂದು ಕೊಳವೆಯನ್ನು ಹಿಂದಿನ ಗೋಡೆಯ ಆಚೆಗೆ ತೆಗೆದಿದ್ದೆವು. ಕೆಲಸ ಮುಗಿದ ಕೂಡಲೇ ಅದರ ವಾಲ್ವ್ ತೆರೆಯಬೇಕು, ಕೆಂಡವನ್ನು ಕೆಳಗಿನ ಬಾಗಿಲಿನಿಂದ ಎಳೆದು ನೀರು ಹಾಕಿ ಆರಿಸಬೇಕು. ನಿಂಗರಾಜ ಇದನ್ನು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ. ನೀರಿನ ಮಾತು ಬಂದಾಗ ದಾದಾಪೀರ್ ತಾಯಿಯ ಕಡೆ ನೋಡಿದರು. ಹುಸೇನ್‌ಬಿ ಕಟ್ಟೆಯಿಂದಲೇ, "ಬೆಂಕಿಗೆ ನೀರು ಬ್ಯಾಡಪ್ಪಾ" ಅಂದರು. "ಇದು ಕಬ್ಬಿಣದ್ದು ಅಜ್ಜಿ, ಒಡೆಯಲ್ಲ" ಎಂದು ನಿಂಗರಾಜ ನಕ್ಕ. ನಾವು ಅದನ್ನು ಉತ್ತರ ಎಂದುಕೊಂಡೆವು.

ಮೊದಲ ದಿನ ಬಾಣಲೆಯ ಕೆಳಗೆ ನೀಲಿ ಜ್ವಾಲೆ ಬಂದಾಗ ಅಕ್ಕಪಕ್ಕದ ಭಟ್ಟಿಯವರೆಲ್ಲ ಬಂದು ನೋಡಿದರು. ಶೆಡ್ಡಿನಲ್ಲಿ ಹೊಗೆ ಇರಲಿಲ್ಲ. ರಮೀಜಾ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋಗಿ, ಒರೆಸುವುದಕ್ಕೆ ಏನೂ ಇಲ್ಲದೆ ಕೈ ಇಳಿಸಿದರು.

"ಎಷ್ಟು ವರ್ಷದ ಮೇಲೆ ಈ ಮನುಷ್ಯನ ಮುಖ ಸರಿಯಾಗಿ ಕಾಣ್ತೈತಿ ನೋಡ್ರಿ" ಎಂದರು ಗಂಡನನ್ನು ತೋರಿಸಿ. "ಹೊಗೇನೇ ಚಲೋ ಇತ್ತು."

ಮೊದಲ ವಾರ ಏಳು ಚೀಲ ಹೊಟ್ಟು ಸಾಕಾಯಿತು. ಎರಡನೆಯ ವಾರವೂ ಅಷ್ಟೇ. ಮೂರನೆಯ ವಾರ ದಾದಾಪೀರ್ ಫೋನಿನಲ್ಲಿ ಆರು ಎಂದರು. ಶಾಮನೂರಿನ ನನ್ನ ಮನೆಯಲ್ಲಿ ಕೂತು ಆ ಅಂಕಿಯನ್ನು ಲ್ಯಾಪ್‌ಟಾಪಿಗೆ ತುಂಬಿದೆ. ಯಂತ್ರ ಅದೇ, ಬಾಣಲೆ ಅದೇ, ಅಕ್ಕಿ ಅಷ್ಟೇ. ಒಂದು ಚೀಲ ಎಲ್ಲಿಂದ ಉಳಿಯಿತು? ಖರ್ಚು ಏರಿದ್ದರೆ ಅಂದೇ ಓಡಿ ಹೋಗಿ ಕಾರಣ ಹುಡುಕುತ್ತಿದ್ದೆ. ಇಳಿದಿತ್ತು, ಹಾಗಾಗಿ ಕೇಳಲಿಲ್ಲ. "ನಿರ್ವಹಣೆಯಲ್ಲಿ ಸುಧಾರಣೆ" ಎಂದು ಟಿಪ್ಪಣಿ ಹಾಕಿದೆ.

ನಾಲ್ಕನೆಯ ವಾರ, ಆಷಾಢದ ಗಾಳಿ ಮಳೆಯ ಒಂದು ದಿನ, ಬ್ಲೋವರಿನ ಮೀಟರ್ ಓದಲು ಹೋದೆ. ನಿಂಗರಾಜನೂ ಹರಿಹರದಿಂದ ಬೈಕಿನಲ್ಲಿ ಬಂದಿದ್ದ. ಯಾವುದೋ ಬೋಲ್ಟು ಬೇಕೆಂದು ಅವನು ಅಂಗಡಿಗೆ ಹೋದ. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಮೀಟರ್ ಓದಿದ ಹೊತ್ತನ್ನು ಪುಸ್ತಕದಲ್ಲಿ ಬರೆಯುವುದು ರೂಢಿ, ಆದ್ದರಿಂದ ಇದು ಖಚಿತವಾಗಿ ಗೊತ್ತು.

ಶೆಡ್ಡಿನ ಬಾಗಿಲು, ಹಿಂದಿನ ಕಿಟಕಿ ಎರಡೂ ಮುಚ್ಚಿದ್ದವು. ತೇವದ ಗಾಳಿ ತಗುಲಿದರೆ ಮಂಡಕ್ಕಿ ಮೆತ್ತಗಾಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಭಟ್ಟಿಗಳವರು ಹಾಗೆ ಮಾಡುತ್ತಾರೆ. ಬಾಗಿಲು ತಳ್ಳಿ ಒಳಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಮಂಡಕ್ಕಿ ಚೀಲಗಳಿಗೆ ಒರಗಿ ಮಲಗಿದ್ದರು. ಹಿಂದೆ ಅವರು ಶೆಡ್ಡಿನಲ್ಲಿ ಮಲಗುತ್ತಿರಲಿಲ್ಲ. ಹೊಗೆಯಲ್ಲಿ ಯಾರು ಮಲಗುತ್ತಾರೆ? ಈಗ ಹೊಗೆ ಇಲ್ಲ, ಬೆಚ್ಚಗಿದೆ, ಹೊರಗೆ ಮಳೆ. ನಸುಕಿನಿಂದ ದುಡಿದವರು ಎಂದುಕೊಂಡು ತುದಿಗಾಲಲ್ಲಿ ನಡೆದೆ. ಮೀಟರ್ ನೋಡಿ ಅಂಕಿ ಬರೆದುಕೊಂಡೆ. ರಮೀಜಾರ ಕೆನ್ನೆ ಕೆಂಪಗಿತ್ತು. ಒಲೆಯ ಬಿಸಿ ಎಂದುಕೊಂಡೆ. ಸದ್ದಾಗದಂತೆ ಹೊರಗೆ ಬಂದೆ. ಅವರ ಮಂಡಕ್ಕಿಗೆ ತೇವ ತಗುಲಬಾರದೆಂದು ಬಾಗಿಲನ್ನು ಗಟ್ಟಿಯಾಗಿ ಎಳೆದು ಮುಚ್ಚಿದೆ.

ಆಮೇಲೆ ಹತ್ತು ನಿಮಿಷ ಹುಸೇನ್‌ಬಿಯ ಪಕ್ಕ ಕಟ್ಟೆಯ ಮೇಲೆ ಕೂತೆ.

"ಕೂಡ್ರಿ ಬೇಟಿ, ಚಾ ಕುಡೀರಿ" ಎಂದು ಮುದುಕಿ ತಮ್ಮ ಸಣ್ಣ ಒಲೆಯ ಮೇಲಿದ್ದ ಚಹಾ ಬಸಿದು ಕೊಟ್ಟರು. ಮಳೆಯ ಮಾತು, ಮೊಣಕಾಲಿನ ಮಾತು. ನನ್ನ ಹಣೆ ಸ್ವಲ್ಪ ಬಿಗಿಯಾದಂತಿತ್ತು, ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ. ಮಾತಿಗೆ ಮಾತು ಎಂದು, "ಇಬ್ಬರಿಗೂ ಒಳ್ಳೆ ನಿದ್ದೆ ಹತ್ತಿದೆ" ಎಂದೆ.

"ಈಗೀಗ ಹಂಗೇ. ಒಲೆ ಮಲಗಿಸ್ತಾರೆ, ತಾವೂ ಮಲಗ್ತಾರೆ. ಎದ್ದ ಮ್ಯಾಲೆ ಸೊಸೆಗೆ ತಲೆನೋವು. ಹಗಲು ನಿದ್ದೆ ಒಳ್ಳೇದಲ್ಲ ಅಂತ ನಾನು ಬೈತೀನಿ."

"ಹೊಸ ಒಲೆ ಮಲಗಿಸೋದು ಹೆಂಗೆ ಅಜ್ಜಿ?"

"ಹಳೇದರಂಗೇ. ಹಿಂದ್ಗಡೆ ಕೊಳವೆ ಬಾಯಿ ಐತಲ್ಲ, ಅಲ್ಲಿಂದ ಬಿಸಿ ಹೋಗ್ತಿತ್ತು, ಮಳೆ ನೀರೂ ಬೀಳ್ತಿತ್ತು. ಹಸಿ ಗೋಣಿ ತುರುಕ್ತಾಳೆ. ಬೆಳಗ್ಗೆ ಕೆಂಡ ಹಂಗೇ ಇರ್ತೈತೆ. ನೀವೇ ಹೇಳಿದ್ರಲ್ಲ ಬೇಟಿ, ಬಿಡಬ್ಯಾಡ್ರಿ ಅಂತ."

ಲೋಟ ಎಲ್ಲಿಟ್ಟೆನೋ ನೆನಪಿಲ್ಲ. ಬಾಗಿಲು ತೆಗೆದು ಹೊರಗೇ ನಿಂತು ಇಬ್ಬರ ಹೆಸರನ್ನೂ ಕೂಗಿದೆ. ದಾದಾಪೀರ್ ಕಣ್ಣು ತೆರೆದು ನನ್ನ ಕಡೆ ನೋಡಿದರು, ಏಳಲು ಹೋದರು, ಕಾಲು ನಿಲ್ಲಲಿಲ್ಲ. ರಮೀಜಾ ಅಲುಗಲಿಲ್ಲ. ಇಂಥ ಜಾಗಕ್ಕೆ ಒಬ್ಬರೇ ನುಗ್ಗಬಾರದು, ನುಗ್ಗಿದವರೇ ಮೊದಲು ಬೀಳುತ್ತಾರೆ ಎಂದು ತರಬೇತಿಯಲ್ಲಿ ಕಲಿಸಿದ್ದರು. ಅದು ನೆನಪಾಗಿ ನಾನು ಹೊಸ್ತಿಲಲ್ಲಿ ನಿಂತೆ. ನಿಂತದ್ದು ಸರಿ ಎಂದು ಆಮೇಲೆ ಎಲ್ಲರೂ ಹೇಳಿದರು. ಹುಸೇನ್‌ಬಿ ನನ್ನ ಪಕ್ಕದಿಂದ ಒಳಗೆ ಹೋಗಲು ನೋಡಿದಾಗ ಅವರ ಎರಡೂ ರಟ್ಟೆ ಹಿಡಿದುಕೊಂಡೆ. "ಬಿಡು ನನ್ನ, ನನ್ನ ಮಗ ಅವನು" ಎಂದು ಅವರು ನನ್ನ ಮುಂಗೈ ಕಚ್ಚಿದರು. ನಾನು ಬಿಡಲಿಲ್ಲ.

ಅಷ್ಟರಲ್ಲಿ ನಿಂಗರಾಜನ ಬೈಕಿನ ಸದ್ದು ಕೇಳಿತು. ಕೂಗಿ ಹೇಳಿದೆ. ಅವನು ಟವಲನ್ನು ನೀರಿಗೆ ಅದ್ದಿ ಮೂಗಿಗೆ ಕಟ್ಟಿಕೊಳ್ಳತೊಡಗಿದ.

"ಬಟ್ಟೆ ಇದನ್ನ ತಡೆಯಲ್ಲ! ಮೊದಲು ಹಿಂದಿನ ಕಿಟಕಿ ಒಡಿ. ಆಮೇಲೆ ಉಸಿರು ಹಿಡಿದು ಒಳಗೆ ಬಾ."

"ಫ್ಯಾನ್ ಹಾಕ್ಲಾ ಮೇಡಂ?"

"ಸ್ವಿಚ್ ಮುಟ್ಟಬೇಡ!" ಆ ಗ್ಯಾಸು ಗಾಳಿಯೊಂದಿಗೆ ಸೇರಿದರೆ ಒಂದು ಕಿಡಿ ಸಾಕು.

ಅವನು ಕಬ್ಬಿಣದ ಸಲಾಕೆಯಿಂದ ಕಿಟಕಿ ಒಡೆದ, ಕೊಳವೆಯ ಬಾಯಿಯ ಗೋಣಿಯನ್ನು ಕಿತ್ತೆಸೆದ. ಬಾಗಿಲಿನಿಂದ ಕಿಟಕಿಗೆ ಗಾಳಿ ಹಾಯಿತು. ಮುದುಕಿಯನ್ನು ಪಕ್ಕದ ಭಟ್ಟಿಯ ಹೆಂಗಸರು ಹಿಡಿದುಕೊಂಡರು. ಗಾಳಿ ಹಾಯಲೆಂದು ಸ್ವಲ್ಪ ಕಾದೆವು. ಎಷ್ಟು ಎಂದು ನನಗೆ ಈಗಲೂ ಹೇಳಲು ಬಾರದು. ಆಮೇಲೆ ಉಸಿರು ಬಿಗಿಹಿಡಿದು ಇಬ್ಬರೂ ಒಟ್ಟಿಗೆ ಹೋದೆವು. ರಮೀಜಾರನ್ನು ಅವರು ಮಲಗಿದ್ದ ಗೋಣಿತಾಟಿನ ಸಮೇತ ಎಳೆದೆವು. ಎರಡನೆಯ ಸಲ ದಾದಾಪೀರರನ್ನು. ಮಳೆಯಲ್ಲೇ, ಅಂಗಳದ ಮಧ್ಯೆ ಮಲಗಿಸಿದೆವು. ರಮೀಜಾರಿಗೆ ಉಸಿರಿತ್ತು. ಪಕ್ಕದವರು ಆಟೊ ತಂದರು.

ಆಟೊದಲ್ಲಿ ರಮೀಜಾರ ತಲೆ ನನ್ನ ತೊಡೆಯ ಮೇಲಿತ್ತು. ಅವರ ಸೆರಗಿನ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಒಂದೆರಡು ಕಾಳು ಮಂಡಕ್ಕಿ ಮಳೆಗೆ ನೆನೆದು ಕರಗಿದ್ದವು. ಅವನ್ನೇ ನೋಡುತ್ತಾ ಹೋದೆ.

ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ನಾನು ಮೊದಲು ಹೇಳಿದ್ದು ಗ್ಯಾಸಿನ ಹೆಸರು. "ಅದು ಹೇಳಿದ್ದು ಒಳ್ಳೆಯದಾಯ್ತು. ಇಲ್ಲದಿದ್ದರೆ ಬೇರೇನೋ ಹುಡುಕುತ್ತಿದ್ದೆವು" ಎಂದರು ಅವರು. ದಾದಾಪೀರ್ ಸಂಜೆಗೆ ಎದ್ದು ಕೂತರು. ರಮೀಜಾ ಮರುದಿನ ಬೆಳಿಗ್ಗೆ ಕಣ್ಣು ತೆರೆದರು, ಆದರೆ ನನ್ನ ಗುರುತು ಹತ್ತಲಿಲ್ಲ. ಎರಡು ದಿನ ಬೇಕಾಯಿತು. ಮೂರನೆಯ ದಿನ ಅವರು ನನ್ನ ಕೈಮೇಲಿನ ಹಲ್ಲಿನ ಗುರುತು ನೋಡಿ, "ಯಾರು ಕಚ್ಚಿದ್ದು?" ಎಂದರು. "ನಿಮ್ಮ ಅತ್ತೆ" ಎಂದೆ. "ಅಮ್ಮಿಗೆ ಇನ್ನೂ ಅಷ್ಟು ಹಲ್ಲು ಅದಾವಾ?" ಎಂದರು. ಅದನ್ನು ಕೇಳಿ ವಾರ್ಡಿನ ಹೊರಗೆ ಬಂದು ಅತ್ತುಬಿಟ್ಟೆ.

ಅವರು ಮನೆಗೆ ಬಂದ ವಾರ ನಾನು ಫಾರಂ ಹಿಡಿದುಕೊಂಡೇ ಹೋದೆ. "ಉತ್ತಮ ಅಭ್ಯಾಸ" ಎಂದು ಬರೆದಿದ್ದ ಪುಟ ತೋರಿಸಿ, ತಪ್ಪು ನನ್ನದು ಎಂದೆ. ನಿಂಗರಾಜ ತನ್ನದೂ ಇದೆ ಎಂದ. ಕೊಳವೆಯನ್ನು ಚಾವಣಿಯ ಮೇಲಕ್ಕೆ ಒಯ್ಯಬೇಕಿತ್ತು, ಪೈಪು ಕಡಿಮೆ ಬಿತ್ತೆಂದು ಕೈಗೆಟುಕುವಲ್ಲೇ ನಿಲ್ಲಿಸಿದ್ದ. ಬರ್ನರಿನ ವಾಲ್ವ್ ಗ್ಯಾಸಿನ ಜೊತೆ ಬರುವ ಅಂಟು ಟಾರು ಮೆತ್ತಿಕೊಂಡು ಪೂರ್ತಿ ಮುಚ್ಚುತ್ತಿರಲಿಲ್ಲ. ಹೊರಗಿನ ಕೊಳವೆ ತೆರೆದಿದ್ದರೆ ಅದರಿಂದ ತೊಂದರೆ ಇರಲಿಲ್ಲ. ಗೋಣಿ ತುರುಕಿದ ಮೇಲೆ ಗ್ಯಾಸಿಗೆ ಉಳಿದ ದಾರಿ ಅದೊಂದೇ, ಶೆಡ್ಡಿನ ಒಳಕ್ಕೆ.

ದಾದಾಪೀರ್ ಆ ಪುಟವನ್ನು ಕೈಗೆ ತೆಗೆದುಕೊಂಡು ನೋಡಿದರು.

"ಗೋಡೆ ಮ್ಯಾಲೆ ಬರೆದದ್ದು ನಾವೂ ಓದಿದ್ವಿ ಮೇಡಂ. ನಿಂಗರಾಜ ನೀರು ಹಾಕು ಅಂದ, ನೀವು ಬೆಂಕಿ ಮಲಗಿಸೋದು ಬಿಡಬ್ಯಾಡ್ರಿ ಅಂದಿದ್ರಿ. ನಿಮ್ಮ ಮಾತು ದೊಡ್ಡದು ಅಂತ ಹಿಡಿದ್ವಿ." ಪುಟವನ್ನು ನನ್ನ ಕೈಗೆ ವಾಪಸ್ ಕೊಟ್ಟು, "ಹೊಗೆ ಇದ್ದಾಗ ಅದೇ ನಮ್ಮನ್ನ ಹೊರಗೆ ದಬ್ತಿತ್ತು ನೋಡ್ರಿ" ಎಂದರು.

ಯಂತ್ರ ತೆಗೆದುಬಿಡಿ ಎನ್ನುತ್ತಾರೆ ಎಂದುಕೊಂಡಿದ್ದೆ. ರಮೀಜಾ ಬೇಡ ಎಂದರು. ತಲೆನೋವು ಇನ್ನೂ ಬಿಟ್ಟಿರಲಿಲ್ಲ, ಬಾಣಲೆಗೆ ಎಷ್ಟು ಅಕ್ಕಿ ಹಾಕಿದೆನೆಂಬುದು ಒಮ್ಮೊಮ್ಮೆ ಮರೆಯುತ್ತಿತ್ತು. ಆದರೂ, "ಆ ಟೈರಿನ ಹೊಗೆಗೆ ನಾ ವಾಪಸ್ ಹೋಗಲ್ಲ. ಹೊರಗೆ ಇಡ್ರಿ ಅದನ್ನ" ಎಂದರು.

ಡ್ರಮ್ಮನ್ನು ಅಂಗಳಕ್ಕೆ ತಂದು ಮೇಲೊಂದು ತಗಡು ಹೊದಿಸಿದೆವು. ಕೊಳವೆಯನ್ನು ಯಾರ ಕೈಗೂ ಎಟುಕದಷ್ಟು ಎತ್ತರಕ್ಕೆ ಒಯ್ದೆವು. ಅದರ ವಾಲ್ವನ್ನು ಕಿತ್ತುಹಾಕಿ, ಬ್ಲೋವರ್ ನಿಂತ ಕೂಡಲೇ ತಾನಾಗಿ ತೆರೆಯುವ ಮುಚ್ಚಳ ಹಾಕಿದೆವು. ಬರ್ನರಿನ ಪೈಪಿಗೆ ಇನ್ನೊಂದು ವಾಲ್ವ್ ಬಂತು. ಶೆಡ್ಡಿನ ಎರಡು ಗೋಡೆಗೂ ಮುಚ್ಚಲಾಗದ ಜಾಲಂಧ್ರ ಕೊರೆಸಿದೆವು. ಗ್ಯಾಸ್ ಪತ್ತೆಹಚ್ಚಿ ಕೂಗುವ ಅಲಾರಂ ಒಂದನ್ನು ಗೋಡೆಗೆ ಹಾಕಿದೆವು. ಅದನ್ನು ಮೊದಲ ದಿನವೇ ಹಾಕಬೇಕಿತ್ತು. ಮಳೆಗಾಲದ ಮಂಡಕ್ಕಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮನೆಯೊಳಗೆ ಇಡುವುದಾಯಿತು. ಉಳಿದದ್ದು ನೀರಿನ ಪ್ರಶ್ನೆ. ಈ ಸಲ ನಾನು ಹುಸೇನ್‌ಬಿಯನ್ನೇ ಕೇಳಿದೆ. ದಾರಿ ಹೇಳಿದ್ದು ಅವರು. ಒಂದು ಸಲಿಕೆ ಕೆಂಡವನ್ನು ಅವರ ಕಟ್ಟೆಯ ಮೇಲಿನ ಸಣ್ಣ ಒಲೆಯಲ್ಲಿ, ಬಯಲಲ್ಲಿ, ಬೂದಿ ಮುಚ್ಚಿ ಇಡುವುದು. ಉಳಿದದ್ದನ್ನು ಅಂಗಳದಲ್ಲೇ ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ಗಾಳಿ ಸಿಗದಂತೆ ಇಟ್ಟು ತಾನಾಗಿ ಆರಲು ಬಿಡುವುದು. ಮರುದಿನದ ಯಂತ್ರಕ್ಕೆ ಕಿಡಿ ಮುದುಕಿಯ ಒಲೆಯಿಂದ. ಬೆಂಕಿಗೆ ನೀರು ಬೀಳಲಿಲ್ಲ.

ಹೊಟ್ಟಿನ ಖರ್ಚು ಮತ್ತೆ ಏಳು ಚೀಲಕ್ಕೆ ಬಂತು. ವರದಿಯಲ್ಲಿ ಏಳು ಎಂದೇ ಬರೆದೆ. ಆರರ ಅಂಕಿಯ ಪಕ್ಕದಲ್ಲಿ ಅದು ಹೇಗೆ ಬಂತು ಎಂಬುದನ್ನೂ, ಬಾಗಿಲು ಮುಚ್ಚಿದ್ದು ಯಾರು ಎಂಬುದನ್ನೂ ಬರೆದೆ. ಬಾಗಿಲಿನ ಸಾಲು ವರದಿಗೆ ಬೇಡ ಎಂದು ಸಂಸ್ಥೆಯವರು ತೆಗೆದುಹಾಕಿದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈಗಲೂ ಆಡಿಟ್ ಮಾಡುತ್ತೇನೆ. ನನ್ನ ಫಾರಂನ ಮೊದಲ ಪುಟದಲ್ಲಿ ಎರಡು ಪ್ರಶ್ನೆ ಸೇರಿವೆ: ಕೆಲಸ ಮುಗಿದ ಮೇಲೆ ಬೆಂಕಿಯನ್ನು ಏನು ಮಾಡುತ್ತೀರಿ? ಅದನ್ನು ನಿಮಗೆ ಕಲಿಸಿದವರು ಯಾರು? ಕಲಿಸಿದವರನ್ನು ಹುಡುಕಿ ಮಾತಾಡಿಸದೆ ಹೊಸ ಯಂತ್ರಕ್ಕೆ ಸಹಿ ಹಾಕುವುದಿಲ್ಲ. ಖರ್ಚು ಇಳಿದಾಗಲೂ ಯಾಕೆ ಇಳಿಯಿತೆಂದು ಕೇಳುತ್ತೇನೆ. ಒಂದು ಒಲೆಗೆ ಒಳ್ಳೆಯದಾದ ಉಳಿತಾಯ ಇನ್ನೊಂದು ಒಲೆಗೆ ಏನು ಮಾಡುತ್ತದೆಂದು ಕೇಳುವುದೂ ಅಳತೆಯ ಭಾಗವೇ ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು, ಆದರೆ ಬೇರೆಯವರ ಉಸಿರಿನ ಮೇಲೆ ಕಲಿಸಿತು.

ಮಲಗಿದವರನ್ನು ಕಂಡರೆ ಎಬ್ಬಿಸಿಬಿಡುವ ಚಟವೊಂದು ಅಂಟಿಕೊಂಡಿದೆ. ಮನೆಯವರು ಬೈಯುತ್ತಾರೆ. ಕೈಯಲ್ಲಿ ಆ ಬಾಗಿಲಿನ ಚಿಲಕ ಇನ್ನೂ ಇದೆ ಎನ್ನಿಸುತ್ತದೆ. ಮಳೆ ಬರುವ ದಿನ ಮಧ್ಯಾಹ್ನ ಒಂದರ ಸುಮಾರಿಗೆ ರಮೀಜಾರಿಗೆ ಫೋನ್ ಮಾಡುತ್ತೇನೆ. ಏನು ಕೇಳುತ್ತೇನೆಂದು ಅವರಿಗೆ ಗೊತ್ತು. ಹಲೋ ಎನ್ನುವ ಮೊದಲೇ ಉತ್ತರ ಬರುತ್ತದೆ:

"ಬಾಗಿಲು ತೆಗೆದೈತ್ರಿ ಮೇಡಂ. ಊಟ ಮಾಡ್ರಿ ನೀವು."

ಆಮೇಲೆ ಊಟಕ್ಕೆ ಕೂಡುತ್ತೇನೆ.